ಓವನ್‌ನಲ್ಲಿ ಮೀನು, ಮನೆಯಲ್ಲೇ ಸಾಸ್

ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರಿಗೆ ‘ಮಟನ್ ಕಡಿಮೆ ಮಾಡಿ, ಮೀನು ತಿನ್ನಿ’ ಎಂದು ವೈದ್ಯರು ಹೇಳುವುದು ಸಾಮಾನ್ಯ. ನಾವು ಹಕೀಮರೂ ಅದನ್ನೇ ಹೇಳುತ್ತೇವೆ. ರೋಗಿಗಳು ಈ ಮಾತನ್ನು ಸಂತೋಷದಿಂದಲೇ ಪಾಲಿಸುತ್ತಾರೆ. ಆದರೆ ಎರಡು ತಿಂಗಳ ನಂತರ ಬಂದಾಗ ಬಿಪಿ ಇಳಿದಿರುವುದಿಲ್ಲ, ತೂಕ ಒಂದು ಕಿಲೋ ಏರಿರುತ್ತದೆ. ‘ಮೀನು ಹೇಗೆ ಮಾಡುತ್ತೀರಿ?’ ಎಂದು ಕೇಳಿದರೆ ವಿಷಯ ಹೊರಬರುತ್ತದೆ. ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ, ನಿನ್ನೆ ಸಮೋಸ ಕರಿದ ಅದೇ ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದು, ಪಕ್ಕದಲ್ಲಿ ಬಾಟಲಿಯಿಂದ ಸುರಿದ ಕೆಂಪು ಸಾಸ್. ಮೀನು ಔಷಧಿಯ ಹಾಗೆ ಮನೆಗೆ ಬಂದು, ಬಾಣಲೆಯಲ್ಲಿ ಬೇರೆಯೇ ಆಗಿ ತಟ್ಟೆಗೆ ಬೀಳುತ್ತದೆ.

ಮೀನನ್ನು ಕರಿಯದೆ, ಮುಳ್ಳು ತೆಗೆದ ಫಿಲೆಟ್‌ಗಳನ್ನು ಮನೆಯಲ್ಲೇ ಮಾಡಿದ ಸಾಸ್ ಹಚ್ಚಿ ಬೇಕ್ ಮಾಡುವ ಕ್ರಮವನ್ನು ಈ ಬಾರಿ ತಿಳಿಸುತ್ತೇನೆ. ಇದು ಟಿವಿಯಲ್ಲಿ ಬರುವ ಪಾಶ್ಚಾತ್ಯ ಅಡುಗೆ, ನಮ್ಮ ನಾಲಿಗೆಗೆ ಹಿಡಿಸದು ಎಂದುಕೊಳ್ಳಬೇಡಿ. ಕ್ರಿ.ಶ. 1226ರಲ್ಲಿ ಬಗ್ದಾದಿನಲ್ಲಿ ಬರೆಯಲಾದ ‘ಕಿತಾಬುತ್ತಬೀಖ್’ ಎಂಬ ಅಡುಗೆ ಗ್ರಂಥದಲ್ಲಿ ಹುಳಿ, ಬೆಳ್ಳುಳ್ಳಿ, ಸಂಬಾರ ಪದಾರ್ಥಗಳನ್ನು ತುಂಬಿ ತಂದೂರಿನಲ್ಲಿ ಮೀನು ಬೇಯಿಸುವ ವಿಧಾನವಿದೆ. ಇರಾಕಿನ ‘ಮಸ್‌ಗೂಫ್’ ಇಂದಿಗೂ ಪ್ರಸಿದ್ಧ. ಮೀನನ್ನು ಸೀಳಿ ಬಿಡಿಸಿ, ಹುಣಸೆ ಹುಳಿ, ಅರಿಶಿನ ಹಚ್ಚಿ ಸೌದೆ ಬೆಂಕಿಯ ಎದುರು ನಿಲ್ಲಿಸಿ ನಿಧಾನವಾಗಿ ಬೇಯಿಸುತ್ತಾರೆ. ಅದಕ್ಕೆ ಬಳಸುವ ಕಾರ್ಪ್ ಮೀನು ನಮ್ಮ ರೋಹು, ಕಾಟ್ಲಾಗಳ ಕುಟುಂಬಕ್ಕೇ ಸೇರಿದ್ದು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಬಂದ ನಮ್ಮವರಲ್ಲಿ ಅನೇಕರು ಇದರ ರುಚಿ ನೋಡಿರುತ್ತಾರೆ.

ಮೊದಲು ತಾಜಾತನ

ಮೀನಿಗೆ ಝಬಹ್‌ನ ಅಗತ್ಯವಿಲ್ಲ. ಹಾಗಾಗಿ ಕೋಳಿ, ಕುರಿಯ ವಿಷಯದಲ್ಲಿ ನಾವು ಕೇಳುವ ‘ಯಾರು ಕೊಯ್ದದ್ದು?’ ಎಂಬ ಪ್ರಶ್ನೆ ಮೀನಿನ ಅಂಗಡಿಯಲ್ಲಿ ಏಳುವುದಿಲ್ಲ. (ಸಿಗಡಿ, ಏಡಿಗಳ ಬಗ್ಗೆ ಮದ್‌ಹಬ್‌ಗಳ ನಡುವೆ ಇರುವ ಭಿನ್ನಾಭಿಪ್ರಾಯವನ್ನು ಉಲಮಾಗಳಿಗೆ ಬಿಡೋಣ.) ಆದರೆ ಪವಿತ್ರ ಕುರ್‌ಆನ್ ಹಲಾಲ್ ಎಂಬ ಪದದ ಜೊತೆಗೆ ತಯ್ಯಿಬ್ ಎಂಬ ಪದವನ್ನೂ ಇಟ್ಟಿದೆ (2:168). ಸಮುದ್ರದಿಂದ ದೊರೆಯುವ ಮಾಂಸವನ್ನು ಪ್ರಸ್ತಾಪಿಸುವಾಗ ಅದು ತಾಜಾ ಆಗಿರುವುದನ್ನು ಸೇರಿಸಿಯೇ ಹೇಳಿದೆ (16:14). ಮೀನು ಹಲಾಲ್ ಆಗಿರುವುದು ಅಲ್ಲಾಹನ ಅನುಗ್ರಹದಿಂದ. ಅದು ತಟ್ಟೆಗೆ ಬರುವವರೆಗೂ ತಯ್ಯಿಬ್ ಆಗಿಯೇ ಉಳಿಯುವಂತೆ ನೋಡಿಕೊಳ್ಳುವ ಕೆಲಸ ಮೀನುಗಾರನಿಂದ ಹಿಡಿದು ಅಡುಗೆ ಮಾಡುವವರವರೆಗೆ ಎಲ್ಲರದ್ದು.

ಇಡೀ ಮೀನಾದರೆ ತಾಜಾತನ ಗುರುತಿಸುವುದು ಸುಲಭ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದ ಕುಳಿ ತಕ್ಷಣ ಮೇಲೇಳಬೇಕು, ವಾಸನೆ ಕಡಲಿನ ಗಾಳಿಯಂತಿರಬೇಕೇ ಹೊರತು ಅಮೋನಿಯಾದಂತೆ ಮೂಗಿಗೆ ಹೊಡೆಯಬಾರದು. ಫಿಲೆಟ್‌ನ ತೊಂದರೆ ಏನೆಂದರೆ ಅದಕ್ಕೆ ಕಣ್ಣೂ ಇಲ್ಲ, ಕಿವಿರೂ ಇಲ್ಲ. ಹಳೆಯ ಮೀನನ್ನು ಕತ್ತರಿಸಿ ಬಿಳಿ ಟ್ರೇಯಲ್ಲಿಟ್ಟರೆ ಅದರ ವಯಸ್ಸು ಯಾರಿಗೆ ಗೊತ್ತಾಗುತ್ತದೆ? ಆದ್ದರಿಂದ ಇಡೀ ಮೀನನ್ನು ಆರಿಸಿ, ನಿಮ್ಮ ಕಣ್ಣೆದುರಿಗೇ ಫಿಲೆಟ್ ಮಾಡಿಸಿಕೊಳ್ಳಿ. ಅಂಜಲ್, ದೊಡ್ಡ ಬಂಗುಡೆ, ಕಾಟ್ಲಾ ಯಾವುದಾದರೂ ಆಗುತ್ತದೆ. ತಲೆ, ಮುಳ್ಳು ಬಿಟ್ಟುಬರಬೇಡಿ, ಸಾರಿಗೆ ಬರುತ್ತದೆ.

ಈಗ ಬಹಳ ಮನೆಗಳಿಗೆ ಗೊತ್ತಿರದ ಒಂದು ವಿಷಯ. ಬಂಗುಡೆ, ಬೂತಾಯಿ, ಟ್ಯೂನಾ ಜಾತಿಯ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಮೀನು ಸತ್ತ ಬಳಿಕ ಮಂಜುಗಡ್ಡೆಯಿಲ್ಲದೆ ಸೆಕೆಯಲ್ಲಿ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಒಮ್ಮೆ ಹೀಗಾದರೆ ಎಷ್ಟು ಬೇಯಿಸಿದರೂ, ಕರಿದರೂ, ಫ್ರೀಝರ್‌ನಲ್ಲಿಟ್ಟರೂ ಆ ಹಿಸ್ಟಮಿನ್ ಹೋಗುವುದಿಲ್ಲ. ಅಂತಹ ಮೀನು ತಿಂದ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗುತ್ತದೆ, ಬಾಯಿ ಉರಿಯುತ್ತದೆ, ತಲೆ ಸಿಡಿಯುತ್ತದೆ, ಮೈಮೇಲೆ ದದ್ದು ಏಳುತ್ತದೆ, ಎದೆ ಡವಗುಟ್ಟುತ್ತದೆ. ಮನೆಯವರು ಇದನ್ನು ‘ಮೀನಿನ ಅಲರ್ಜಿ’ ಎಂದು ತಿಳಿದು ಆ ವ್ಯಕ್ತಿಗೆ ಜೀವನಪೂರ್ತಿ ಮೀನು ಬಂದ್ ಮಾಡಿಬಿಡುತ್ತಾರೆ. ಕೆಲವರು ‘ನಝರ್ ತಾಗಿದೆ’ ಎನ್ನುವುದನ್ನೂ ಕೇಳಿದ್ದೇನೆ. ಒಂದೇ ಮೀನನ್ನು ತಿಂದ ಮೂವರಿಗೂ ಒಟ್ಟಿಗೆ ಹೀಗಾಗಿದ್ದರೆ ಅದು ಅಲರ್ಜಿಯಾಗಿರುವುದಕ್ಕಿಂತ ಕೆಟ್ಟ ಮೀನಾಗಿರುವ ಸಾಧ್ಯತೆಯೇ ಹೆಚ್ಚು. ಆದರೆ ನಿಜವಾದ ಮೀನಿನ ಅಲರ್ಜಿಯೂ ಇದೆ. ಆದ್ದರಿಂದ ಮತ್ತೊಮ್ಮೆ ತಿಂದು ಪರೀಕ್ಷೆ ಮಾಡುವ ಸಾಹಸ ಮನೆಯಲ್ಲಿ ಬೇಡ, ವೈದ್ಯರ ಬಳಿ ಹೋಗಿ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ತಲೆ ಸುತ್ತಿ ಬಿದ್ದರೆ ಯಾವ ಮನೆಮದ್ದಿಗೂ ಕಾಯಬೇಡಿ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಇದಕ್ಕೆ ತಡೆ ಒಂದೇ, ತಂಪು. ಪೇಟೆಯಲ್ಲಿ ಎಲ್ಲಾ ಸಾಮಾನು ಕೊಂಡ ಮೇಲೆ ಕೊನೆಗೆ ಮೀನು ಕೊಳ್ಳಿ. ಒಂದು ಮುಚ್ಚಳದ ಡಬ್ಬಿಯಲ್ಲಿ ಐಸ್ ಹಾಕಿಸಿಕೊಂಡು ನೇರವಾಗಿ ಮನೆಗೆ ಬನ್ನಿ. ಮೀನಿನ ಚೀಲವನ್ನು ಸ್ಕೂಟರಿಗೆ ನೇತುಹಾಕಿ ಬಿಸಿಲಲ್ಲಿ ಗಂಟೆಗಟ್ಟಲೆ ಓಡಾಡುವುದು ಬೇಡ. ಫ್ರಿಜ್‌ನಲ್ಲಿ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿಟ್ಟು ಒಂದೆರಡು ದಿನದೊಳಗೆ ಬೇಯಿಸಿ. ಅದಕ್ಕಿಂತ ಹೆಚ್ಚು ದಿನ ಇಡುವುದಾದರೆ ಮೈನಸ್ 18 ಡಿಗ್ರಿಯ ಫ್ರೀಝರ್ ಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಮಾರುಕಟ್ಟೆಗೆ ಬರುವ ಸಮುದ್ರದ ಮೀನಿನಲ್ಲಿ ಹೆಚ್ಚಿನದು ದೂರದಿಂದ ಬಂದದ್ದು ಅಥವಾ ದಾಸ್ತಾನಿನದು. ಆಗ ಎರಡು ಪಟ್ಟು ಎಚ್ಚರವಿರಲಿ. 2018ರಲ್ಲಿ ಕೇರಳದ ಅಧಿಕಾರಿಗಳು ಫಾರ್ಮಲಿನ್ ಹಾಕಿದ ಮೀನನ್ನು ದೊಡ್ಡ ಪ್ರಮಾಣದಲ್ಲಿ ವಶಪಡಿಸಿಕೊಂಡದ್ದು ನೆನಪಿರಬಹುದು. ಶವ ಕೆಡದಂತೆ ಇಡುವ ರಾಸಾಯನಿಕ ಅದು. ಮೀನಿಗೆ ಮೀನಿನ ವಾಸನೆಯೇ ಇಲ್ಲದೆ, ಮಾಂಸ ರಬ್ಬರಿನಂತೆ ಬಿಗಿದಿದ್ದರೆ ಕೊಳ್ಳಬೇಡಿ.

ಪ್ಯಾಕೆಟ್ಟಿನ ಫ್ರೋಝನ್ ಫಿಲೆಟ್ ಬಗ್ಗೆ ಎರಡು ಮಾತು. ಒಳಗೆ ಹರಳು ಹರಳಾಗಿ ಹಿಮ ಕಟ್ಟಿದ್ದರೆ ಅದು ನಡುವೆ ಎಲ್ಲೋ ಕರಗಿ ಮತ್ತೆ ಗಟ್ಟಿಯಾಗಿರಬಹುದು. ಬಾಸಾ ಎಂಬ ಹೆಸರಿನ ಬಿಳಿ ಫಿಲೆಟ್ ಮೃದು, ಮಕ್ಕಳಿಗೆ ಇಷ್ಟ, ಆದರೆ ಹೃದಯಕ್ಕೆ ಒಳ್ಳೆಯದೆನ್ನುವ ಒಮೆಗಾ-3 ಕೊಬ್ಬು ಅದರಲ್ಲಿ ತೀರಾ ಕಡಿಮೆ. ಅಗ್ಗದ ಬಂಗುಡೆ, ಬೂತಾಯಿಗಳಲ್ಲಿ ಅದು ಧಾರಾಳ.

ಅಡುಗೆ ಮನೆಯಲ್ಲಿ

ಫ್ರೀಝರ್‌ನಿಂದ ತೆಗೆದ ಮೀನನ್ನು ಅಡುಗೆ ಕಟ್ಟೆಯ ಮೇಲಿಟ್ಟು ಕರಗಿಸಬೇಡಿ. ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಅಂಕಣಕ್ಕೆ ಇಳಿಸಿಡಿ, ಕೆಳಗೆ ತಟ್ಟೆ ಇರಲಿ. ಮೀನನ್ನು ನಲ್ಲಿಯ ರಭಸದ ನೀರಿನಡಿ ಹಿಡಿದರೆ ಹನಿಗಳು ಪಕ್ಕದ ಲೋಟ, ಸೊಪ್ಪಿನ ಮೇಲೆಲ್ಲಾ ಸಿಡಿಯುತ್ತವೆ. ಬೋಗುಣಿಯಲ್ಲಿ ನೀರು ತೆಗೆದುಕೊಂಡು ಮೆಲ್ಲಗೆ ತೊಳೆಯಿರಿ. ಫ್ಲ್ಯಾಟ್‌ಗಳಲ್ಲಿ ವುಝೂ ಮಾಡುವ ಬೇಸಿನ್‌ನಲ್ಲೇ ಮೀನು ತೊಳೆಯುವುದನ್ನು ನೋಡಿದ್ದೇನೆ. ಬಾಯಿ ಮುಕ್ಕಳಿಸುವ ಜಾಗ ಅದು, ದಯವಿಟ್ಟು ಬೇಡ. ಮೀನಿನ ಮಣೆ, ಚಾಕು ಬೇರೆಯೇ ಇರಲಿ. ಸಲಾಡಿನ ಸೌತೆಕಾಯಿ ಅದರ ಮೇಲೆ ಬರಬಾರದು. ಅರಿಶಿನ, ಉಪ್ಪು, ನಿಂಬೆರಸ ಹಚ್ಚಿದರೆ ಕ್ರಿಮಿಗಳೆಲ್ಲ ಸಾಯುತ್ತವೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನಿಂಬೆರಸ ಮೀನಿನ ಬಣ್ಣವನ್ನು ಬೆಳ್ಳಗೆ ಮಾಡುತ್ತದೆ, ಬೇಯಿಸುವುದಿಲ್ಲ. ಆ ಕೆಲಸ ಬೆಂಕಿಯದ್ದೇ.

ಸಾಸ್ ಎಂಬ ಮುಸ್ಲಿಹ್

ಯುನಾನಿ ವೈದ್ಯದಲ್ಲಿ ತಾಜಾ ಮೀನಿನ ಮಿಝಾಜ್ ಶೀತ ಮತ್ತು ತೇವ ಎಂದು ಹೇಳಲಾಗುತ್ತದೆ. ಕಫ, ಅಂದರೆ ಬಲ್ಗಮ್ ಪ್ರಕೃತಿಯವರಲ್ಲಿ ಅದು ಜಡತೆ ತರಬಹುದೆಂದು ನಮ್ಮ ಹಿರಿಯರ ಅಭಿಪ್ರಾಯ. ಹಾಗೆಂದು ಅವರು ಮೀನು ಬಿಡಿ ಎನ್ನಲಿಲ್ಲ. ಅದಕ್ಕೆ ‘ಮುಸ್ಲಿಹ್’, ಅಂದರೆ ದೋಷವನ್ನು ಸರಿಪಡಿಸುವ ಪದಾರ್ಥ ಸೇರಿಸಿ ಎಂದರು. ಶುಂಠಿ, ಕಾಳುಮೆಣಸು, ಬೆಳ್ಳುಳ್ಳಿ, ಜೀರಿಗೆ, ಓಮ, ಸಿರ್ಕಾ ಇವೆಲ್ಲ ಆ ಕೆಲಸದವು. ನಮ್ಮ ಅಜ್ಜಿಯಂದಿರು ಮೀನಿನ ಮಸಾಲೆಗೆ ಇವನ್ನೇ ಅರೆಯುತ್ತಿದ್ದರು, ಯಾವ ತಿಬ್ಬಿಯಾ ಕಾಲೇಜಿಗೂ ಹೋಗದೆ. ಮನೆಯ ಸಾಸ್ ಅಂದರೆ ಅಂತಹ ಮುಸ್ಲಿಹ್‌ಗಳ ಒಂದು ಗಟ್ಟಿ ರಸ, ಅಷ್ಟೆ.

ಬಾಟಲಿಯ ಸಾಸ್ ಏಕೆ ಬೇಡ? ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲಿ ಸುಮಾರು 2 ಗ್ರಾಮ್ ಉಪ್ಪಿನಷ್ಟು ಸೋಡಿಯಂ ಇರುತ್ತದೆ. ವಯಸ್ಕರಿಗೆ ದಿನಕ್ಕೆ 5 ಗ್ರಾಮ್‌ಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ಚಮಚ ಸುರಿದರೆ ಇಡೀ ದಿನದ ಪಾಲು ಬಹುತೇಕ ಮುಗಿಯಿತು. ಟೊಮೆಟೊ ಕೆಚಪ್‌ನ ಒಂದು ದೊಡ್ಡ ಚಮಚದಲ್ಲಿ ಸುಮಾರು 4 ಗ್ರಾಮ್ ಸಕ್ಕರೆ, ಮಕ್ಕಳು ಒಂದು ಚಮಚಕ್ಕೆ ನಿಲ್ಲುವುದೂ ಇಲ್ಲ. ಇನ್ನು ಪಾಶ್ಚಾತ್ಯ ಪಾಕವಿಧಾನಗಳಲ್ಲಿ ಬೇಕ್ ಮಾಡುವ ಮೀನಿಗೆ ವೈಟ್ ವೈನ್ ಹಾಕಲು ಹೇಳಿರುತ್ತಾರೆ. ಬೇಯಿಸಿದಾಗ ಮದ್ಯವೆಲ್ಲ ಆವಿಯಾಗಿ ಹೋಗುತ್ತದೆಂಬುದು ಸರಿಯಲ್ಲ, ಸ್ವಲ್ಪ ಉಳಿದೇ ಉಳಿಯುತ್ತದೆ. ನಮಗೆ ಅದರ ಅಗತ್ಯವೂ ಇಲ್ಲ, ಹುಳಿಗೆ ಹುಣಸೆ ಇದೆ, ಸಿರ್ಕಾ ಇದೆ. ಪ್ರವಾದಿ(ಸ)ರವರು ಸಿರ್ಕಾವನ್ನು ರೊಟ್ಟಿಯ ಜೊತೆಗಿನ ಉತ್ತಮ ವ್ಯಂಜನವೆಂದು ಹೊಗಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಆದರೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ‘ಸಿಂಥೆಟಿಕ್ ವಿನೆಗರ್’ ಅಸೆಟಿಕ್ ಆಸಿಡ್‌ಗೆ ನೀರು ಬೆರೆಸಿದ್ದು. ಲೇಬಲ್ ಓದಿ, ಕಬ್ಬು, ತೆಂಗು ಅಥವಾ ಹಣ್ಣಿನಿಂದ ಹುದುಗಿಸಿ ತಯಾರಿಸಿದ್ದನ್ನು ಕೊಳ್ಳಿ.

ನಾಲ್ಕು ಮಂದಿಗೆ ಅರ್ಧ ಕಿಲೋ ಫಿಲೆಟ್ ಎಂದಿಟ್ಟುಕೊಳ್ಳಿ. ಮಧ್ಯಮ ಗಾತ್ರದ ಮೂರು ಹಣ್ಣಾದ ಟೊಮೆಟೊ, ಎಂಟು ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿ, ಬಿಸಿ ನೀರಿನಲ್ಲಿ ನೆನೆಸಿ ಬೀಜ ತೆಗೆದ ನಾಲ್ಕು ಬ್ಯಾಡಗಿ ಮೆಣಸು, ಒಂದು ಚಿಕ್ಕ ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಒಂದು ಚಿಟಿಕೆ ಓಮ, ಬೀಜ ತೆಗೆದ ಎರಡು ಖರ್ಜೂರ ಇವನ್ನು ನುಣ್ಣಗೆ ಅರೆಯಿರಿ. ಖರ್ಜೂರ ಸಕ್ಕರೆಯ ಬದಲಿಗೆ. ಸಕ್ಕರೆ ಕಾಯಿಲೆ ಇರುವವರಿಗೆ ಒಂದೇ ಸಾಕು. ದೊಡ್ಡ ಚಮಚ ಎಳ್ಳೆಣ್ಣೆ ಅಥವಾ ಆಲಿವ್ ಎಣ್ಣೆ ಕಾಯಿಸಿ, ಅರೆದದ್ದನ್ನು ಹಾಕಿ ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಕುದಿಸಿ. ಹಸಿ ವಾಸನೆ ಹೋಗಿ ಬದಿಯಲ್ಲಿ ಎಣ್ಣೆ ಕಾಣಿಸಿಕೊಂಡಾಗ ಒಂದು ದೊಡ್ಡ ಚಮಚ ಸಿರ್ಕಾ ಅಥವಾ ಹುಣಸೆ ರಸ, ಅರ್ಧ ಚಿಕ್ಕ ಚಮಚ ಉಪ್ಪು, ಹೆಚ್ಚಿದ ಕೊತ್ತಂಬರಿ ಸೊಪ್ಪು ಸೇರಿಸಿ ಇಳಿಸಿ. ಅರ್ಧ ಚಮಚ ಉಪ್ಪು ನಾಲ್ವರಿಗೆ ಹಂಚಿದರೆ ತಲಾ ಒಂದು ಗ್ರಾಮ್‌ಗೂ ಕಡಿಮೆ. ಹುಳಿ ಇರುವುದರಿಂದ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ತಿಳಿಯುವುದಿಲ್ಲ. ಬೆಳ್ಳುಳ್ಳಿಯನ್ನು ಚೆನ್ನಾಗಿ ಬೇಯಿಸಿದರೆ ಮಸೀದಿಗೆ ಹೋಗುವವರ ಬಾಯಿಯ ವಾಸನೆಯ ಸಮಸ್ಯೆಯೂ ಇರುವುದಿಲ್ಲ.

ಮನೆಮಂದಿಯ ಮಿಝಾಜ್ ನೋಡಿ ಬದಲಾಯಿಸಿಕೊಳ್ಳಿ. ಕೀಲುನೋವು, ಶೀತ, ಕಫದವರಿಗೆ ಶುಂಠಿ, ಕಾಳುಮೆಣಸು ಸ್ವಲ್ಪ ಮುಂದಿರಲಿ. ಬೇಗ ಬಿಸಿಯಾಗುವ, ಎದೆಯುರಿಯ ಸಫ್ರಾವೀ ಮಿಝಾಜಿನವರಿಗೆ ಮೆಣಸು, ಹುಳಿ ಎರಡನ್ನೂ ತಗ್ಗಿಸಿ ಕೊತ್ತಂಬರಿ ಹೆಚ್ಚಿಸಿ.

ತಣಿದ ಸಾಸ್‌ನ ಅರ್ಧವನ್ನು ಊಟಕ್ಕೆಂದು ಮೊದಲೇ ಬೇರೆ ಬಟ್ಟಲಿಗೆ ತೆಗೆದು ಮುಚ್ಚಿಡಿ. ಉಳಿದರ್ಧವನ್ನು ಮಾತ್ರ ಹಸಿ ಮೀನಿಗೆ ಹಚ್ಚಿ. ಹಸಿ ಮೀನು ಮುಟ್ಟಿದ ಚಮಚ ಊಟದ ಬಟ್ಟಲಿಗೆ ಮರಳಬಾರದು. ಎಷ್ಟೋ ಹೊಟ್ಟೆನೋವುಗಳ ಮೂಲ ಈ ಒಂದು ಚಮಚ.

ಬೇಯಿಸುವುದು

ಫಿಲೆಟ್‌ಗಳನ್ನು ಶುಭ್ರ ಬಟ್ಟೆ ಅಥವಾ ಕಾಗದದಿಂದ ಒತ್ತಿ ಒಣಗಿಸಿ, ಸಾಸ್ ಹಚ್ಚಿ ಫ್ರಿಜ್‌ನಲ್ಲಿ ಇಪ್ಪತ್ತು ನಿಮಿಷ ಇಡಿ. ಹೆಚ್ಚು ಹೊತ್ತು ಬೇಡ, ಹುಳಿ ಮಾಂಸವನ್ನು ಮೆತ್ತಗೆ ಮಾಡಿಬಿಡುತ್ತದೆ. ಓವನ್ 200 ಡಿಗ್ರಿಗೆ ಮೊದಲೇ ಬಿಸಿಯಾಗಿರಲಿ. ಒಂದು ಇಂಚು ದಪ್ಪದ ತುಂಡಿಗೆ 12ರಿಂದ 15 ನಿಮಿಷ ಸಾಕು, ತೆಳ್ಳಗಿನದಕ್ಕೆ ಎಂಟು ಹತ್ತು ನಿಮಿಷ. ದಪ್ಪ ಭಾಗದಲ್ಲಿ ಫೋರ್ಕ್ ಚುಚ್ಚಿ ತಿರುಗಿಸಿದಾಗ ಮಾಂಸ ಪದರ ಪದರವಾಗಿ ಬಿಡಬೇಕು, ಗಾಜಿನಂತಹ ಪಾರದರ್ಶಕತೆ ಎಲ್ಲೂ ಉಳಿದಿರಬಾರದು. ಥರ್ಮಾಮೀಟರ್ ಇದ್ದರೆ ಒಳಗಿನ ಉಷ್ಣತೆ 63 ಡಿಗ್ರಿ ಮುಟ್ಟಬೇಕು. ಬೆಂದ ಮೇಲೂ ‘ಇನ್ನೊಂದು ಐದು ನಿಮಿಷ ಇರಲಿ’ ಎಂದು ಬಿಟ್ಟರೆ ಮೀನು ಒಣಗಿ ನಾರಾಗುತ್ತದೆ. ಮಕ್ಕಳು ಮುಂದಿನ ವಾರ ಮತ್ತೆ ಕರಿದದ್ದನ್ನೇ ಕೇಳುತ್ತಾರೆ.

ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತುವುದು ಈಗಿನ ರೂಢಿ. ಹುಳಿ, ಉಪ್ಪು ಇರುವ ಆಹಾರ ಅದರೊಂದಿಗೆ ಸೇರಿದರೆ ಲೋಹ ಸ್ವಲ್ಪ ಸ್ವಲ್ಪವಾಗಿ ಆಹಾರಕ್ಕೆ ಇಳಿಯುತ್ತದೆ. ನಮ್ಮ ಸಾಸ್‌ನಲ್ಲಿ ಎರಡೂ ಇವೆ. ಬೆಂಕಿಯ ಮೇಲೆ ಬಾಡಿಸಿದ ಬಾಳೆ ಎಲೆ ಇದಕ್ಕಿಂತ ಎಷ್ಟೋ ಮೇಲು, ಪರಿಮಳವೂ ಬೇರೆ. ಓವನ್ ಇಲ್ಲದವರು ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಬಾಳೆ ಎಲೆಯಲ್ಲಿ ಸುತ್ತಿದ ಫಿಲೆಟ್‌ಗಳನ್ನು ತಟ್ಟೆಯಲ್ಲಿಟ್ಟು ಒಳಗಿಡಿ. ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಕು. ನಾನ್‌ಸ್ಟಿಕ್ ಪಾತ್ರೆಯನ್ನು ಹೀಗೆ ಖಾಲಿ ಕಾಯಿಸಬೇಡಿ.

ಕರಿದ ಮೀನು ಹರಾಮೇನೂ ಅಲ್ಲ, ಹಬ್ಬಕ್ಕೆ ಮಾಡಿ. ಆದರೆ ಎಣ್ಣೆ ಹೊಸದಿರಲಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹಾನಿಕರ ಸಂಯುಕ್ತಗಳು ಹೆಚ್ಚುತ್ತವೆ ಎಂಬ ಕಾರಣಕ್ಕೇ 2018ರ ಜುಲೈನಿಂದ ಹೋಟೆಲುಗಳಿಗೆ ಇಂತಹ ಸಂಯುಕ್ತಗಳು ಶೇ. 25 ಮೀರಿದ ಎಣ್ಣೆ ಬಳಸಬಾರದೆಂಬ ನಿಯಮ ಬಂದಿದೆ. ನಮ್ಮ ಅಡುಗೆ ಮನೆಯನ್ನು ಪರೀಕ್ಷಿಸಲು ಯಾವ ಅಧಿಕಾರಿಯೂ ಬರುವುದಿಲ್ಲ.

ಕೇಳಿಬರುವ ಪ್ರಶ್ನೆಗಳು

‘ಮೀನು ತಿಂದು ಹಾಲು ಕುಡಿದರೆ ಬಿಳಿ ತೊನ್ನು ಬರುತ್ತದೆಯೇ?’ ಇದು ತಪ್ಪದೆ ಬರುವ ಪ್ರಶ್ನೆ. ಮೀನು, ಹಾಲು ಒಟ್ಟಿಗೆ ಬೇಡ ಎಂಬ ಸಲಹೆ ಹಳೆಯ ಯುನಾನಿ ಗ್ರಂಥಗಳಲ್ಲಿ ಇರುವುದು ನಿಜ. ಇಬ್ನ್ ಸೀನಾ ಕೂಡ ಅದನ್ನು ಉಲ್ಲೇಖಿಸಿದ್ದಾರೆ. ಎರಡೂ ಜೀರ್ಣಕ್ಕೆ ಭಾರವಾದ್ದರಿಂದ ಹೊಟ್ಟೆ ದುರ್ಬಲವಿರುವವರಿಗೆ ನಾನೂ ಹಾಗೇ ಹೇಳುತ್ತೇನೆ. ಆದರೆ ತೊನ್ನು ಇದರಿಂದ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ತಿರುಗಿಬೀಳುವುದರಿಂದ ಬರುವ ಕಾಯಿಲೆ ಅದು. ತೊನ್ನು ಇರುವ ಹೆಣ್ಣುಮಗಳ ತಾಯಿಗೆ ‘ನೀನು ಬಸುರಿಯಲ್ಲಿ ಮೀನು ತಿಂದು ಹಾಲು ಕುಡಿದೆ’ ಎಂದು ಹಂಗಿಸುವ ಮಾತು ನಮ್ಮ ಮನೆಗಳಲ್ಲಿ ನಿಲ್ಲಬೇಕು. ಎಷ್ಟೋ ಸಂಬಂಧಗಳು ಈ ಒಂದು ಮಾತಿನಿಂದ ಮುರಿದಿವೆ.

ಗರ್ಭಿಣಿಯರು ಮೀನು ಬಿಡಬೇಕಿಲ್ಲ. ಆದರೆ ಶಾರ್ಕ್, ಬಹಳ ದೊಡ್ಡ ಅಂಜಲ್‌ನಂತಹ ಬೇಟೆಗಾರ ಮೀನುಗಳ ಮೈಯಲ್ಲಿ ಪಾದರಸ ಹೆಚ್ಚು ಸೇರಿರುತ್ತದೆ, ಅವು ಬೇಡ. ಚಿಕ್ಕ ಮೀನುಗಳು ಒಳ್ಳೆಯವು. ಯೂರಿಕ್ ಆಸಿಡ್ ಹೆಚ್ಚಿರುವ ಗೌಟ್ ರೋಗಿಗಳು ಬೂತಾಯಿ, ಬಂಗುಡೆಯನ್ನು ವೈದ್ಯರನ್ನು ಕೇಳಿಯೇ ತಿನ್ನಲಿ. ಕಿಡ್ನಿ ಕಾಯಿಲೆಯವರಿಗೆ ಪೊಟ್ಯಾಸಿಯಂ ಮಿತಿ ಇದ್ದರೆ ಈ ಟೊಮೆಟೊ ಸಾಸ್ ಹೊಂದುವುದಿಲ್ಲ. ಬರೀ ಶುಂಠಿ, ಕಾಳುಮೆಣಸು, ನಿಂಬೆ ಸಾಕು. ಫಿಲೆಟ್ ಎಂದರೂ ಒಂದೊಂದು ಮುಳ್ಳು ಉಳಿದಿರುತ್ತದೆ, ಮಕ್ಕಳಿಗೆ ಕೊಡುವ ಮೊದಲು ಬೆರಳಾಡಿಸಿ ನೋಡಿ.

ರಮಝಾನ್‌ನಲ್ಲಿ ಅಸ್ರ್‌ಗೆ ಮೊದಲೇ ಬೇಯಿಸಿ ಇಫ್ತಾರ್‌ವರೆಗೆ ಮೇಜಿನ ಮೇಲಿಡುವುದು ಬೇಡ. ಬೆಂದ ಮೀನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ನಮ್ಮ ಬೇಸಿಗೆಯ ಸೆಕೆಯಲ್ಲಿ ಒಂದೇ ಗಂಟೆ. ಸಾಸ್ ಹಚ್ಚಿ ಫ್ರಿಜ್‌ನಲ್ಲಿಟ್ಟು, ಮಗ್ರಿಬ್‌ಗೆ ಅರ್ಧ ಗಂಟೆ ಮೊದಲು ಓವನ್‌ಗೆ ಹಾಕಿದರೆ ಸಾಕು. ಉಳಿದದ್ದನ್ನು ಆರಿದ ಕೂಡಲೇ ಫ್ರಿಜ್‌ಗೆ ಸೇರಿಸಿ. ಸಹರಿಗೆ ತಿನ್ನುವುದಾದರೆ ಆವಿ ಏಳುವಷ್ಟು ಬಿಸಿ ಮಾಡಿ, ಒಮ್ಮೆ ಮಾತ್ರ. ನೆರೆಮನೆಗೆ ಕಳಿಸುವ ಪಾಲನ್ನು ಬಿಸಿಯಿರುವಾಗಲೇ ಕಳಿಸಿ. ಊಟಕ್ಕೆಂದು ತೆಗೆದಿಟ್ಟ ಸಾಸ್ ಬೇರೆ ಡಬ್ಬಿಯಲ್ಲಿ ಹೋಗಲಿ.